ಸಂತೆಯ ಲೆಕ್ಕ, ಹಾಳೆಯ ಲೆಕ್ಕ



ಹಳ್ಳಿಯ ಮಕ್ಕಳಿಗೂ ಪಟ್ಟಣದ ಮಕ್ಕಳಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸವಿದೆಯೆ, ಗಣಿತದ ಅಂಕಗಳಲ್ಲಿ ಕಾಣುವುದು ಆ ವ್ಯತ್ಯಾಸವೇ ಹೌದೆ ಎಂಬುದು ಈ ದತ್ತಿ ಉಪನ್ಯಾಸಕ್ಕೆ ನೀವು ನನಗೆ ಕೊಟ್ಟ ಪ್ರಶ್ನೆ. ಶಿಕ್ಷಣ ವಿಭಾಗಗಳಲ್ಲಿ ಇದರ ಮೇಲೆ ಪ್ರಬಂಧಗಳಿಗೆ ಕೊರತೆಯಿಲ್ಲ. ಹೆಚ್ಚಿನವುಗಳ ಕ್ರಮ ಒಂದೇ. ಬಹುಮುಖ ಬುದ್ಧಿಶಕ್ತಿಯ ಒಂದು ಪ್ರಶ್ನಾವಳಿ, ಗಣಿತದ ಒಂದು ಪರೀಕ್ಷೆ, ಇಷ್ಟು ಗ್ರಾಮೀಣ ಶಾಲೆ, ಇಷ್ಟು ನಗರ ಶಾಲೆ, ಸರಾಸರಿ, ಮಾನಕ ವಿಚಲನೆ, ಟಿ-ಮೌಲ್ಯ. ಕೊನೆಗೆ ಗಮನಾರ್ಹ ವ್ಯತ್ಯಾಸ ಇದೆ ಅಥವಾ ಇಲ್ಲ ಎಂಬ ತೀರ್ಮಾನ. ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಅದರ ಕೊನೆಯ ಸಾಲನ್ನು ಓದಿದ ಐದನೆಯ ತರಗತಿಯ ಮಾಸ್ತರರಿಗೆ ಮರುದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಏನು ಬರೆಯಬೇಕೆಂಬುದು ತಿಳಿಯುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಮಗು ತನ್ನ ಬದುಕಿನಲ್ಲಿ ಮಾಡುವ ಲೆಕ್ಕಕ್ಕೂ ಪುಸ್ತಕದ ಹಾಳೆಯ ಮೇಲಿನ ಲೆಕ್ಕಕ್ಕೂ ನಡುವೆ ಒಂದು ದೂರವಿದೆ. ನಾವು ಬುದ್ಧಿಯ ವ್ಯತ್ಯಾಸವೆಂದು ಅಳೆಯುತ್ತಿರುವುದು ಬಹುಮಟ್ಟಿಗೆ ಆ ದೂರವನ್ನು.

ಧಾರವಾಡದಲ್ಲಿ ನಿಂತು ಈ ವಿಷಯ ಮಾತಾಡುವಾಗ ವಿ. ವಿ. ಕಾಮತರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆಯವರ ಬುದ್ಧಿಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸುವ ಕೆಲಸವನ್ನು 1930ರ ದಶಕದಲ್ಲಿ ಈ ಭಾಗದಲ್ಲಿ ಮಾಡಿದವರು ಅವರು. ಬಾಂಬೆ-ಕರ್ನಾಟಕ ಪರಿಷ್ಕರಣ ಎಂದು ಅದು ಹೆಸರಾಯಿತು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಲೇಖನವಾಗಿ, 1940ರಲ್ಲಿ ಪುಸ್ತಕವಾಗಿ ಬಂತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ್ದನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳಬಾರದು, ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಬೇಕು ಎಂಬ ವಿವೇಕ ಆ ಕೆಲಸದ ಬುಡದಲ್ಲಿತ್ತು. ಪರದೇಶದ ಪ್ರಶ್ನಾವಳಿಯನ್ನು ಭಾಷಾಂತರಿಸಿ ನೇರವಾಗಿ ತರಗತಿಗೆ ಒಯ್ಯುವ ಇಂದಿನ ಸಂಶೋಧಕರು ಈ ತೊಂಬತ್ತು ವರ್ಷ ಹಿಂದಿನ ಎಚ್ಚರಿಕೆಯನ್ನು ಮರಳಿ ಕಲಿಯುವುದು ಒಳ್ಳೆಯದು.

ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ತಮ್ಮ ಮಾಪಕವನ್ನು ರೂಪಿಸಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ, ಅವರಿಗೆ ಬೇಕಾದ ನೆರವು ಕೊಡಿಸಲು. ಒಬ್ಬನ ಬುದ್ಧಿ ಇಷ್ಟೇ, ಅದು ಹೆಚ್ಚುವಂಥದ್ದಲ್ಲ ಎನ್ನುವವರನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದರು. ಅದೇ ಮಾಪಕ 1916ರಲ್ಲಿ ಲೂಯಿಸ್ ಟರ್ಮನ್ನರ ಕೈಯಲ್ಲಿ ಅಮೆರಿಕದ ರೂಪ ಪಡೆದಾಗ, ನೆರವಿಗೆಂದು ಹುಟ್ಟಿದ ಸಾಧನ ಮಕ್ಕಳನ್ನು ವಿಂಗಡಿಸುವ ಸಾಧನವಾಯಿತು. ಆಮೇಲಿನ ದಶಕಗಳಲ್ಲಿ ಹಳ್ಳಿ, ಗುಡ್ಡಗಾಡು, ಅಲೆಮಾರಿ ಮಕ್ಕಳ ಬುದ್ಧಿಲಬ್ಧ ಪೇಟೆಯ ಮಕ್ಕಳಿಗಿಂತ ಕಡಿಮೆ ಎಂಬ ವರದಿಗಳು ಒಂದರ ಹಿಂದೆ ಒಂದು ಬಂದವು.

ಆ ವರದಿಗಳ ಒಳಹೊಕ್ಕು ನೋಡಿದರೆ ಕಾಣುವ ಕತೆ ಬೇರೆ. ಇಂಗ್ಲೆಂಡಿನ ಕಾಲುವೆ ದೋಣಿಗಳಲ್ಲಿ ಬದುಕುತ್ತಿದ್ದ ಕುಟುಂಬಗಳ ಮಕ್ಕಳನ್ನು ಹ್ಯೂ ಗಾರ್ಡನ್ ಪರೀಕ್ಷಿಸಿದರು, ವರದಿ 1923ರದು. ದೋಣಿ ಸರಕು ತುಂಬಿಸುವಾಗ, ಇಳಿಸುವಾಗ ಮಾತ್ರ ಶಾಲೆಯ ಮುಖ ನೋಡುತ್ತಿದ್ದ ಮಕ್ಕಳು ಅವರು; ಹಾಜರಾತಿ ಉಳಿದ ಮಕ್ಕಳ ಶೇ. 5ರಷ್ಟು. ಅತಿ ಚಿಕ್ಕವರ ಬುದ್ಧಿಲಬ್ಧ 90ರ ಆಸುಪಾಸು ಇತ್ತು. ಅದೇ ದೋಣಿಯ, ಅದೇ ತಾಯಿಯ ದೊಡ್ಡ ಮಕ್ಕಳದು 60ರ ಹತ್ತಿರ. ಹುಟ್ಟಿನಿಂದ ಬಂದ ಕೊರತೆಯಾಗಿದ್ದರೆ ತಮ್ಮನಲ್ಲೂ ಅಣ್ಣನಲ್ಲೂ ಸಮನಾಗಿ ಕಾಣಬೇಕಿತ್ತು. ಇನ್ನೊಂದು ಉದಾಹರಣೆ ಅಮೆರಿಕದ ಪೂರ್ವ ಟೆನ್ನೆಸಿಯ ಗುಡ್ಡಗಾಡಿನದು. ಲೆಸ್ಟರ್ ವ್ಹೀಲರ್ 1930ರಲ್ಲಿ ಅಲ್ಲಿನ ಮಕ್ಕಳನ್ನು ಪರೀಕ್ಷಿಸಿದಾಗ ಸರಾಸರಿ 82. ಹತ್ತು ವರ್ಷ ಬಿಟ್ಟು ಅದೇ ಪ್ರದೇಶಕ್ಕೆ ಹೋದಾಗ 93. ಆ ಹತ್ತು ವರ್ಷದಲ್ಲಿ ಗುಡ್ಡಕ್ಕೆ ರಸ್ತೆ ಬಂದಿತ್ತು, ಶಾಲೆಗಳು ಸುಧಾರಿಸಿದ್ದವು. ಎರಡೂ ಸಲ ವಯಸ್ಸು ಏರಿದಂತೆ ಅಂಕ ಇಳಿಯುತ್ತಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ. ನಮ್ಮ ದೇಶದ ಅಂಕಿಗಳಿಗೆ ಬಂದಾಗ ಇದು ಬೇಕಾಗುತ್ತದೆ.

ಬುದ್ಧಿ ಒಂದೇ ಅಳತೆಗೋಲಿಗೆ ಸಿಗುವಂಥದ್ದು ಎಂಬ ನಂಬಿಕೆಯನ್ನು ಹಾರ್ವರ್ಡಿನ ಹೊವಾರ್ಡ್ ಗಾರ್ಡ್‌ನರ್ 1983ರಲ್ಲಿ ಪ್ರಶ್ನಿಸಿದರು. ಭಾಷೆ, ತರ್ಕ-ಗಣಿತ, ಸ್ಥಳಾವಕಾಶದ ಗ್ರಹಿಕೆ, ಸಂಗೀತ, ದೇಹಚಲನೆ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂದು ಅವರು ಏಳು ಬಗೆಯ ಬುದ್ಧಿಶಕ್ತಿಗಳನ್ನು ಹೇಳಿದರು; ಬಹುಮುಖ ಬುದ್ಧಿಶಕ್ತಿ ಎನ್ನುವುದು ಇದನ್ನೇ. ಮುಂದೆ ನಿಸರ್ಗವನ್ನು ಗುರುತಿಸುವ ಬುದ್ಧಿಯನ್ನು ಸೇರಿಸಿದರು. ಒಂದು ಸಮಾಜ ಬೆಲೆ ಕೊಡುವ ಸಮಸ್ಯೆಯನ್ನು ಬಿಡಿಸುವ ಶಕ್ತಿಯೇ ಬುದ್ಧಿ ಎಂಬುದು ಅವರ ನಿಲುವಿನ ತಿರುಳು. ಅದಕ್ಕೇ ಅವರ ಪುಸ್ತಕದ ಮೊದಲ ಉದಾಹರಣೆಗಳಲ್ಲಿ ನಕ್ಷತ್ರ ನೋಡಿ ಕಡಲಲ್ಲಿ ದೋಣಿ ನಡೆಸಲು ಕಲಿಯಲಿರುವ ಪುಲುವತ್ ದ್ವೀಪದ ಹನ್ನೆರಡು ವರ್ಷದ ಹುಡುಗನಿದ್ದಾನೆ. ಇದು ಉದಾರವಾದ ನೋಟ, ಹಳ್ಳಿಯ ಮಕ್ಕಳ ಬಗ್ಗೆ ನಮ್ಮ ಕಣ್ಣು ತೆರೆಸಿದ ನೋಟ. ಆದರೆ ಮನೋವಿಜ್ಞಾನಿಗಳಲ್ಲಿ ಬಹಳ ಮಂದಿ ಇದನ್ನು ಒಪ್ಪಿಲ್ಲ. ಈ ಬಗೆಗಳು ಒಂದಕ್ಕೊಂದು ಸಂಬಂಧವಿಲ್ಲದ ಸ್ವತಂತ್ರ ಶಕ್ತಿಗಳೆಂಬುದಕ್ಕೆ ಪರೀಕ್ಷೆಗಳಲ್ಲಿ ಆಧಾರ ದೊರೆತಿಲ್ಲ ಎಂಬುದು ಅವರ ಆಕ್ಷೇಪ. ಅದು ಬಲವಾದ ಆಕ್ಷೇಪವೇ. ಪ್ರತಿ ಮಗುವಿಗೂ ಒಂದೊಂದು ಕಲಿಕಾ ಶೈಲಿಯ ಹಣೆಪಟ್ಟಿ ಅಂಟಿಸುವ ತರಬೇತಿ ಶಿಬಿರಗಳಿಗೂ ಗಾರ್ಡ್‌ನರರಿಗೂ ಸಂಬಂಧವಿಲ್ಲ. ಬುದ್ಧಿಶಕ್ತಿ ಬೇರೆ, ಕಲಿಕಾ ಶೈಲಿ ಬೇರೆ ಎಂದು ಅವರೇ ಬರೆದಿದ್ದಾರೆ.

ನನ್ನ ಚಿಂತೆ ಸಿದ್ಧಾಂತಕ್ಕಿಂತ ಅದರ ಹೆಸರಿನಲ್ಲಿ ಓಡಾಡುವ ಪ್ರಶ್ನಾವಳಿಗಳದು. 'ನನಗೆ ಒಗಟು ಬಿಡಿಸುವುದು ಇಷ್ಟ', 'ನನಗೆ ಗಿಡಮರಗಳಲ್ಲಿ ಆಸಕ್ತಿಯಿದೆ' ಎಂಬಂಥ ವಾಕ್ಯಗಳ ಮುಂದೆ ಮಗು ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಕಲಘಟಗಿಯ ಕಾಡಂಚಿನ ಊರಿನ ಹುಡುಗಿ ಮೂವತ್ತು ಬಗೆಯ ಗಿಡ ಗುರುತಿಸಬಲ್ಲಳು. ಅವಳ ಊರಿನಲ್ಲಿ ಎಲ್ಲರೂ ಗುರುತಿಸುತ್ತಾರೆ, ಹಾಗಾಗಿ ಅದೊಂದು ವಿಶೇಷವೆಂದೇ ಅವಳಿಗೆ ಹೊಳೆಯದೆ ಮೂರಕ್ಕೆ ಗುರುತು ಹಾಕುತ್ತಾಳೆ. ಮನೆಯ ಮೆಟ್ಟಿಲ ಬಳಿ ನಾಲ್ಕು ಕುಂಡ ಬೆಳೆಸಿದ ನಗರದ ಹುಡುಗ, ತನ್ನ ಗೆಳೆಯರಲ್ಲಿ ಯಾರೂ ಮಾಡದ ಕೆಲಸವಾದ್ದರಿಂದ, ಐದಕ್ಕೆ ಹಾಕುತ್ತಾನೆ. ಇಬ್ಬರೂ ಪ್ರಾಮಾಣಿಕರೇ. ಅಳತೆಯಾದದ್ದು ಮಾತ್ರ ಬುದ್ಧಿಯಲ್ಲ, ತಾನು ಯಾರ ನಡುವೆ ನಿಂತು ತನ್ನನ್ನು ನೋಡಿಕೊಳ್ಳುತ್ತಿದ್ದೇನೆ ಎಂಬುದು. ಇಂಥ ಗುರುತುಗಳ ಮೊತ್ತವನ್ನು ಗಣಿತದ ಅಂಕದ ಪಕ್ಕ ಇಟ್ಟು ಸಹಸಂಬಂಧ ತೆಗೆದರೆ ಸಂಖ್ಯೆಯೇನೋ ಬರುತ್ತದೆ. ಅದರ ಮೇಲೆ ಮಕ್ಕಳ ಬಗ್ಗೆ ತೀರ್ಪು ಕೊಡಲು ನನಗೆ ಧೈರ್ಯ ಬರುವುದಿಲ್ಲ.

ಈಗ ಸಂತೆಗೆ ಹೋಗೋಣ. ತಾಯಿಯ ಪಕ್ಕ ಕೂತು ಹಸಿಮೆಣಸಿನಕಾಯಿ ಮಾರುವ ಹನ್ನೊಂದು ವರ್ಷದ ಹುಡುಗಿ. ಕಿಲೋಗೆ ಅರವತ್ತು ರೂಪಾಯಿ. ಗಿರಾಕಿ ಮುಕ್ಕಾಲು ಕಿಲೋ ಕೇಳುತ್ತಾರೆ. ಅರ್ಧಕ್ಕೆ ಮೂವತ್ತು, ಪಾವಕ್ಕೆ ಹದಿನೈದು, ನಲವತ್ತೈದು ಕೊಡ್ರಿ. ನೂರರ ನೋಟು ಬರುತ್ತದೆ. ಅವಳು ಕಳೆಯುವುದಿಲ್ಲ, ಕೂಡಿಸುತ್ತ ಹೋಗುತ್ತಾಳೆ: ನಲವತ್ತೈದಕ್ಕೆ ಐದು ಸೇರಿದರೆ ಐವತ್ತು, ಮೇಲೆ ಐವತ್ತು ಸೇರಿದರೆ ನೂರು, ಐದರ ನಾಣ್ಯ ಮತ್ತು ಐವತ್ತರ ನೋಟು ಗಿರಾಕಿಯ ಕೈಗೆ. ಇಲ್ಲಿ ಭಿನ್ನರಾಶಿ ಇದೆ, ವಿಭಾಜಕ ನಿಯಮ ಇದೆ, ವ್ಯವಕಲನವನ್ನು ಸಂಕಲನವಾಗಿ ತಿರುಗಿಸಿಕೊಳ್ಳುವ ಜಾಣ್ಮೆ ಇದೆ. ಮರುದಿನ ಶಾಲೆಯಲ್ಲಿ ಅರವತ್ತನ್ನು ನಾಲ್ಕನೆಯ ಮೂರರಿಂದ ಗುಣಿಸು ಎಂದಾಗ ಅವಳು ಅಂಶ ಯಾವುದು, ಛೇದ ಯಾವುದು ಎಂದು ತಡವರಿಸುತ್ತಾಳೆ. ನೂರರಲ್ಲಿ ನಲವತ್ತೈದು ಕಳೆಯಲು ಸೊನ್ನೆಯಿಂದ ದಶಕ ತೆಗೆಯಬೇಕಾದ ಕಡೆ ತಪ್ಪುತ್ತಾಳೆ. ಉತ್ತರ ಗೊತ್ತಿದ್ದ ಲೆಕ್ಕದಲ್ಲಿ ಅವಳಿಗೆ ಸೊನ್ನೆ ಬೀಳುತ್ತದೆ. ಸಂತೆಯಲ್ಲಿ ನಾನು ಮಾಡಿದ ಲೆಕ್ಕವೇ ಇದಲ್ಲವೆ ಎಂದು ಅವಳಿಗೆ ಹೊಳೆಯುವುದಿಲ್ಲ. ಹೊಳೆಯುವಂತೆ ಮಾಡಬೇಕಾದವರು ನಾವು.

ಇದು ನನ್ನ ಕಲ್ಪನೆಯಷ್ಟೇ ಅಲ್ಲ. ಬ್ರೆಜಿಲ್ಲಿನ ರೆಸಿಫೆ ನಗರದ ಬೀದಿಬದಿಯಲ್ಲಿ ಮಾರುತ್ತಿದ್ದ ಐವರು ಮಕ್ಕಳನ್ನು ತೆರೆಜಿನ್ಯಾ ನ್ಯೂನೆಸ್, ಡೇವಿಡ್ ಕ್ಯಾರಹರ್, ಅನಲೂಸಿಯಾ ಶ್ಲೀಮನ್ ಅಭ್ಯಾಸ ಮಾಡಿದರು; ವರದಿ 1985ರದು. ಗಿರಾಕಿಗಳಾಗಿ ಹೋಗಿ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿ. ಅವೇ ಲೆಕ್ಕಗಳನ್ನು ಕತೆಯ ರೂಪದಲ್ಲಿ ಕೇಳಿದಾಗ ಶೇ. 74. ಬರಿಯ ಅಂಕಿಗಳಾಗಿ ಹಾಳೆಯ ಮೇಲಿಟ್ಟಾಗ ಶೇ. 37. ತಲಾ 35ರ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದಾಗ ಹನ್ನೆರಡರ ಹುಡುಗ ಮೂರು ಕಾಯಿಗೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಒಂದು ಉಳಿಯಿತು, 350 ಎಂದು ತಲುಪಿದ. ಒಂದು ಸೊನ್ನೆ ಸೇರಿಸಿದರೆ ಆಗುತ್ತಿತ್ತು ಎಂದು ಶಾಲೆ ಹೇಳುತ್ತದೆ. ಆ ಸೊನ್ನೆ ಯಾಕೆ ಸೇರುತ್ತದೆ ಎಂಬುದನ್ನು ಆ ಹುಡುಗನ ದಾರಿಯಿಂದಲೇ ತೋರಿಸಲು ಸಾಧ್ಯವಿತ್ತು ಎಂಬುದು ನನ್ನ ಮಾತು.

ನಮ್ಮ ದೇಶದಲ್ಲೇ ನಡೆದ, ಇದಕ್ಕಿಂತ ಬಹಳ ದೊಡ್ಡ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಕಂಡರು. ಕಠಿಣ ವ್ಯಾಪಾರದ ಲೆಕ್ಕಗಳನ್ನು ಹೆಚ್ಚುಕಡಿಮೆ ಎಲ್ಲರೂ ಬಾಯಲ್ಲೇ ಮಾಡಿದರು. ಅದಕ್ಕಿಂತ ಸುಲಭವಾದ ಲೆಕ್ಕ ಶಾಲೆಯ ರೂಪದಲ್ಲಿ ಬಂದಾಗ ಸೋತರು. ಇದು ಬಾಯಿಪಾಠದ ಫಲವೇ, ಯಾರಾದರೂ ಹೇಳಿಕೊಟ್ಟರೇ ಎಂಬ ಅನುಮಾನಗಳನ್ನೂ ಪರೀಕ್ಷಿಸಿ ತಳ್ಳಿಹಾಕಿದ್ದಾರೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ವರದಿಯ ಇನ್ನೊಂದು ಅರ್ಧ. ಹತ್ತಿರದ ಶಾಲೆಗಳಲ್ಲಿ ಓದುವ, ವ್ಯಾಪಾರದ ಅನುಭವವಿಲ್ಲದ 471 ಮಕ್ಕಳು ಹಾಳೆಯ ಸರಳ ಲೆಕ್ಕ ಚೆನ್ನಾಗಿ ಮಾಡಿದರು. ದುಡಿಯುವ ಮಕ್ಕಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿ ಬಿಡಿಸಿದ ಒಂದು ವ್ಯಾಪಾರದ ಸಮಸ್ಯೆಯನ್ನು ಅವರಲ್ಲಿ ಬಿಡಿಸಿದವರು ಶೇ. 1 ಮಾತ್ರ. ಎರಡೂ ದಂಡೆಯ ಮಕ್ಕಳನ್ನು ನಾವು ಅರ್ಧಕ್ಕೇ ನಿಲ್ಲಿಸಿದ್ದೇವೆ. ಮಾರುವ ಆ ಮಕ್ಕಳೆಲ್ಲ ಮಹಾನಗರದವರು ಎಂಬುದನ್ನೂ ಗಮನಿಸಿ. ಹಳ್ಳಿ-ಪೇಟೆ ಎಂಬ ಗೆರೆ ನಾವು ತಿಳಿದಷ್ಟು ನೆಟ್ಟಗಿಲ್ಲ.

ಹಾಗಾದರೆ ಶಾಲೆಯ ಗಣಿತ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಲ್ಲಿ ರೈತರಿಗೆ ಲೆಕ್ಕ ಕೇಳಿದರು. ಇಲ್ಲಿಂದ ಒಂದು ಊರಿಗೆ ಇಷ್ಟು ದೂರ, ಇನ್ನೊಂದು ಊರು ಅದಕ್ಕಿಂತ ನಾಲ್ಕು ಪಟ್ಟು ಹತ್ತಿರ, ಎಷ್ಟಾಯಿತು? ವಾಸ್ತವದಲ್ಲಿ ಎರಡನೆಯ ಊರೇ ದೂರ. ಶಾಲೆಗೆ ಹೋಗದವರು ಆ ಊರು ಹತ್ತಿರ ಹೇಗಾದೀತು ಎಂದು ಲೆಕ್ಕವನ್ನೇ ನಿರಾಕರಿಸಿದರು. ಅಲ್ಪಸ್ವಲ್ಪ ಶಾಲೆ ಕಂಡವರು ಹಾಗೆಂದು ಭಾವಿಸಿಕೊಂಡು ಮುಂದುವರಿಯಬಲ್ಲವರಾಗಿದ್ದರು. ಇರದ ಸಂಗತಿಯನ್ನು ಇದೆಯೆಂದು ಹಿಡಿದು, ಅದರಿಂದ ಏನು ಹೊರಡುತ್ತದೆಂದು ನೋಡುವುದು ಶಾಲೆ ಕೊಡುವ ದೊಡ್ಡ ವರ. ಬೀಜಗಣಿತದ ಮೊದಲ ವಾಕ್ಯವೇ 'ಆ ಸಂಖ್ಯೆ ಎಕ್ಸ್ ಆಗಿರಲಿ' ಎಂಬುದಲ್ಲವೆ? ಸಂತೆಯ ಹುಡುಗಿಗೆ ಈ ವರ ದೊರೆಯಲೇಬೇಕು. ಅದಿಲ್ಲದೆ ಅವಳು ಪಾಲಿಟೆಕ್ನಿಕ್ಕಿಗೂ ಹೋಗಲಾರಳು, ಬ್ಯಾಂಕಿನ ಸಾಲಪತ್ರವನ್ನೂ ಓದಲಾರಳು. ಅವಳ ಬಾಯಿಲೆಕ್ಕವನ್ನು ಹೊಗಳಿ ಅಲ್ಲೇ ಕೂರಿಸುವುದು ಅವಳಿಗೆ ಮಾಡುವ ಅನ್ಯಾಯ.

ಅಂಕಿಅಂಶಗಳನ್ನು ಚುಟುಕಾಗಿ ನೋಡೋಣ. 2005ರಿಂದ ನಡೆದುಬಂದಿರುವ 'ಅಸರ್' ಸಮೀಕ್ಷೆ ಮನೆಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತದೆ. 2024ರಲ್ಲಿ ದೇಶದ ಗ್ರಾಮೀಣ ಭಾಗದ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7. ಇದನ್ನು ಹಿಡಿದು ಹಳ್ಳಿ ಹಿಂದುಳಿದಿದೆ ಎನ್ನುವವರು ಒಂದನ್ನು ಮರೆಯುತ್ತಾರೆ: ಈ ಸಮೀಕ್ಷೆ ನಗರಗಳಿಗೆ ಹೋಗುವುದೇ ಇಲ್ಲ, ಹೋಲಿಸಲು ಅಲ್ಲಿ ಇನ್ನೊಂದು ಪಕ್ಷವೇ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಗ್ರಾಮೀಣ ವಿದ್ಯಾರ್ಥಿಗಳು ಶೇ. 87ರಷ್ಟು, ನಗರದವರು ಶೇ. 80ರ ಸುಮಾರು ತೇರ್ಗಡೆಯಾದರು. ತೇರ್ಗಡೆಯ ಪ್ರಮಾಣದಿಂದ ಗಣಿತದ ಕಲಿಕೆಯನ್ನು ಅಳೆಯಬಾರದು, ಒಪ್ಪುತ್ತೇನೆ. ಹಳ್ಳಿಯೆಂದರೆ ಹಿನ್ನಡೆ ಎಂಬ ಸರಾಗದ ಮಾತಿಗೆ ಅದು ತಡೆಯಂತೂ ಹೌದು. ಹೆಚ್ಚು ಬೆಳಕು ಕೊಡುವುದು 2024ರ ಡಿಸೆಂಬರಿನಲ್ಲಿ ನಡೆದ 'ಪರಖ್' ರಾಷ್ಟ್ರೀಯ ಸರ್ವೇಕ್ಷಣೆ. ಮೂರು, ಆರು, ಒಂಬತ್ತನೆಯ ತರಗತಿಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಮೂರನೆಯ ತರಗತಿಯ ಗಣಿತದಲ್ಲಿ ಹಳ್ಳಿಯ ಮಕ್ಕಳೇ ಮುಂದೆ. ಆರರಲ್ಲಿ ನಗರ ಮುಂದೆ. ಒಂಬತ್ತರಲ್ಲೂ ನಗರ ಮುಂದೆ.

ಕಾಲುವೆ ದೋಣಿಯ ತಮ್ಮ-ಅಣ್ಣಂದಿರ ಅಂಕಗಳು ಇಲ್ಲಿ ಮತ್ತೆ ಕಣ್ಣಮುಂದೆ ಬರುತ್ತವೆ. ಎಂಟು ವರ್ಷದ ಮಗುವಿನಲ್ಲಿ ಇಲ್ಲದ ಕೊರತೆ ಹನ್ನೊಂದರಲ್ಲಿ ಎಲ್ಲಿಂದ ಬಂತು? ಮೂರನೆಯ ತರಗತಿಯವರೆಗಿನ ಗಣಿತ ಕೈಗೆ ಸಿಗುವ ಗಣಿತ; ಕಾಳು, ಕಡ್ಡಿ, ಬೆರಳು, ನಾಣ್ಯ ಸಾಕು. ನಲಿ-ಕಲಿ ಇರುವುದೂ ಅಲ್ಲಿಯವರೆಗೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಆ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಏರುತ್ತದೆ. ನಾಲ್ಕನೆಯ ತರಗತಿಯಿಂದ ಮುಂದೆ ಭಿನ್ನರಾಶಿ, ದೀರ್ಘ ಭಾಗಾಕಾರ, ದಶಮಾಂಶ. ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಬೇರೆ ವಿಷಯಗಳಲ್ಲಿ ಒಂದು ಪಾಠ ತಪ್ಪಿದರೆ ಮುಂದಿನದು ಅರ್ಥವಾದೀತು. ಗಣಿತದಲ್ಲಿ ಹಾಗಿಲ್ಲ, ಭಾಗಾಕಾರ ತಪ್ಪಿದವನಿಗೆ ಭಿನ್ನರಾಶಿಯಿಲ್ಲ, ಭಿನ್ನರಾಶಿ ಇಲ್ಲದವನಿಗೆ ಅನುಪಾತವಿಲ್ಲ, ಅನುಪಾತವಿಲ್ಲದವನಿಗೆ ಬೀಜಗಣಿತವಿಲ್ಲ.

ಪಾಠ ತಪ್ಪುವುದು ಯಾರಿಗೆ? ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯಿಂದ ಗುಳೆ ಹೋಗುವ ಮನೆಗಳ ಮಕ್ಕಳನ್ನು ನೆನೆಯಿರಿ. ಸುಗ್ಗಿ ಮುಗಿದ ಮೇಲೆ ತಾಯಿತಂದೆಯೊಡನೆ ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್ಡಿಗೆ ಹೋದ ಹುಡುಗ ಮರಳಿ ಬರುವಷ್ಟರಲ್ಲಿ ತರಗತಿ ಭಾಗಾಕಾರ ದಾಟಿ ಹೋಗಿರುತ್ತದೆ. ಅವನು ಬೆಂಗಳೂರಿನಲ್ಲಿದ್ದಾಗ ಸಮೀಕ್ಷೆಯವರಿಗೆ ನಗರದ ಮಗುವೇ, ಊರಿಗೆ ಬಂದಾಗ ಗ್ರಾಮೀಣ ಮಗುವೇ, ಎರಡೂ ಕಡೆ ಹಾಜರಿ ಪುಸ್ತಕದಲ್ಲಿ ಇಲ್ಲದವನೇ? ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಇಂಥ ಮಕ್ಕಳ ಗಣಿತವನ್ನು ಹಳ್ಳಿ-ನಗರ ಎಂಬ ವಿಂಗಡಣೆಗಿಂತ ಚೆನ್ನಾಗಿ ವಿವರಿಸಬಲ್ಲದು ಎಂದು ನನಗನಿಸುತ್ತದೆ. ಇದರ ಮೇಲೆ ಎರಡು-ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವ ಒಬ್ಬರೇ ಶಿಕ್ಷಕರು, ಖಾಲಿ ಬಿದ್ದ ಗಣಿತ ಶಿಕ್ಷಕರ ಹುದ್ದೆ, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರು. ನಗರದ ಮಧ್ಯಮವರ್ಗದ ಮಗು ತಪ್ಪಿದ ಪಾಠವನ್ನು ಸಂಜೆಯ ಟ್ಯೂಷನ್ನಿನಲ್ಲಿ ಕೊಂಡುಕೊಳ್ಳುತ್ತದೆ. ಅದರ ಬಲ ಮನೆಯವರ ಹಣದ್ದು; ಅಂಕಪಟ್ಟಿಯಲ್ಲಿ ಮಾತ್ರ ಅದು ಮಗುವಿನ ಬುದ್ಧಿಯ ಖಾತೆಗೆ ಜಮೆಯಾಗುತ್ತದೆ.

ಕನ್ನಡದಲ್ಲಿ ಗಣಿತ ಹುಟ್ಟಿದ್ದೇ ಹೊಲ ಮತ್ತು ಅಂಗಡಿಗಳ ಮಗ್ಗುಲಲ್ಲಿ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ. ಹೆಸರುಗಳೇ ಹೇಳುವಂತೆ ಒಂದು ವ್ಯಾಪಾರದ್ದು, ಇನ್ನೊಂದು ನೆಲದ ಅಳತೆಯದು. ನಮ್ಮ ಹಿರಿಯರು ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಒಪ್ಪಿಸುತ್ತಿದ್ದರು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಆ ಮಗ್ಗಿಗಳು ಹೋದವು; ಸಂತೆಯಲ್ಲಿ ಅರ್ಧ, ಪಾವು, ಮುಕ್ಕಾಲು ಹೋಗಲಿಲ್ಲ. ಹಳೆಯದನ್ನು ಮರಳಿ ತರೋಣ ಎಂದು ಹೇಳುತ್ತಿಲ್ಲ. ತರಗತಿಯಲ್ಲಿ ಭಿನ್ನರಾಶಿಯ ಗುಣಾಕಾರ ಕಲಿಸುವ ದಿನ ಮೊದಲು ಮುಕ್ಕಾಲು ಕಿಲೋದ ಬೆಲೆ ಕೇಳಿ, ಮಗು ಹೇಳಿದ ದಾರಿಯನ್ನು ಅದರ ಮಾತಿನಲ್ಲೇ ಹಲಗೆಯ ಮೇಲೆ ಬರೆದು, ಅದರ ಪಕ್ಕಕ್ಕೆ ಪುಸ್ತಕದ ಕ್ರಮ ಬರೆದು, ಎರಡೂ ಒಂದೇ ಎಂದು ಸಾಲು ಸಾಲಾಗಿ ತೋರಿಸಬೇಕು. ಆಮೇಲೆ ಸಂತೆಯಲ್ಲಿ ಸಿಗದ ಪ್ರಶ್ನೆಗೆ ಹೋಗಬೇಕು: ಏಳನೆಯ ಮೂರು ಭಾಗ ಬೇಕಾದರೆ? ಮಗುವಿನ ದಾರಿ ಅಲ್ಲಿ ತೊಡಕಾಗುತ್ತದೆ, ಪುಸ್ತಕದ ದಾರಿ ಅಲ್ಲೇ ತನ್ನ ಬಲ ತೋರಿಸುತ್ತದೆ. ಗಾರ್ಡ್‌ನರರ ನೋಟ ತರಗತಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇಲ್ಲಿಯೇ, ಒಂದೇ ಗಣಿತಕ್ಕೆ ಒಳಬರುವ ಹಲವು ಬಾಗಿಲುಗಳನ್ನು ಹುಡುಕುವುದರಲ್ಲಿ. ಚುಕ್ಕಿ ರಂಗೋಲಿ ಹಾಕುವ ಹುಡುಗಿಯ ಕೈಯಲ್ಲಿ ಸಮಮಿತಿ ಇದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೋಲಂ ಎಂಬ ರಂಗೋಲಿ ಚಿತ್ರಗಳಿಂದ ಗಣಕಶಾಸ್ತ್ರದ ಚಿತ್ರವ್ಯಾಕರಣಗಳನ್ನೇ ಕಟ್ಟಿದರು. ಅಂಥ ವಿಷಯ ನಮ್ಮ ಅಂಗಳದಲ್ಲಿ ದಿನವೂ ಬರೆದು ಅಳಿಸಿಹೋಗುತ್ತಿದೆ.

ನಗರದ ಮಗುವಿನ ಕೊರತೆಯೂ ನನಗೆ ಅಷ್ಟೇ ಮುಖ್ಯ. ಮೊಬೈಲಿನಲ್ಲಿ ಹಣ ಕೊಡುವ ಮನೆಯಲ್ಲಿ ಚಿಲ್ಲರೆ ಎಣಿಸುವ ಅವಕಾಶವೇ ಮಗುವಿಗಿಲ್ಲ. ಒಂದು ಗುಂಟೆ ಎಂದರೆ ಎಷ್ಟು ಹೆಜ್ಜೆ ಅಗಲ, ಒಂದು ಕ್ವಿಂಟಲ್ ಎಷ್ಟು ಚೀಲ ಎಂಬ ಅಂದಾಜಿಲ್ಲದೆ ಒಂಬತ್ತನೆಯ ತರಗತಿಯ ಘನಫಲದಲ್ಲಿ ಪೂರ್ಣ ಅಂಕ ತೆಗೆದ ಮಕ್ಕಳಿದ್ದಾರೆ. ಉತ್ತರ ನೂರು ಪಟ್ಟು ತಪ್ಪಿದರೂ ಅವರಿಗೆ ಅನುಮಾನ ಬರುವುದಿಲ್ಲ.

ಈ ದತ್ತಿ ಇರಿಸಿದ ಕುಟುಂಬದ ಹಿರಿಯರಲ್ಲಿ ಒಂದು ಬೇಡಿಕೆ ಇಡುತ್ತೇನೆ. ವರ್ಷಕ್ಕೊಂದು ಉಪನ್ಯಾಸದ ಜೊತೆಗೆ ವರ್ಷಕ್ಕೊಂದು ತಾಲ್ಲೂಕಿನ ಲೆಕ್ಕದ ಪುಸ್ತಿಕೆ ಬರಲಿ. ಇಬ್ಬರು ಎಂ.ಎಡ್. ವಿದ್ಯಾರ್ಥಿಗಳು, ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕರು ಸೇರಿ, ಅಲ್ಲಿನ ಮಕ್ಕಳು ಮನೆ, ಹೊಲ, ಅಂಗಡಿ, ಸಂತೆಗಳಲ್ಲಿ ಮಾಡುವ ಲೆಕ್ಕಗಳನ್ನು ಅವರ ಬಾಯಿಯಲ್ಲಿ ಬಂದಂತೆಯೇ ಬರೆದುಕೊಂಡು, ಪ್ರತಿಯೊಂದರ ಎದುರು ಪಠ್ಯಪುಸ್ತಕದ ಕ್ರಮ ಮುದ್ರಿಸಲಿ. ಹುಬ್ಬಳ್ಳಿಯ ಒಂದು ವಾರ್ಡಿಗೂ ಅಂಥದೇ ಪುಸ್ತಿಕೆಯಾಗಲಿ. ಅದನ್ನು ಬಳಸಿದ ಶಾಲೆಯ ಮಕ್ಕಳನ್ನು ಮೂರನೆಯ ತರಗತಿಯಿಂದ ಆರನೆಯದರವರೆಗೆ, ಅವೇ ಮಕ್ಕಳನ್ನು, ವರ್ಷವರ್ಷ ನೋಡುತ್ತ ಹೋಗಲಿ. ಎರಡು ಗುಂಪುಗಳ ಸರಾಸರಿಯನ್ನು ಒಂದೇ ಒಂದು ದಿನ ಹೋಲಿಸಿ ಮುಗಿಸುವುದು ಬೇಡ. ಮೊದಲ ವರ್ಷಕ್ಕೆ ಕುಂದಗೋಳ ತಾಲ್ಲೂಕು ಆಗಬಹುದು. ಕೆಂಪು ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಶಾಲೆಯ ಹಾಜರಿ ಹೇಗಿರುತ್ತದೆ, ಆ ಮಕ್ಕಳು ಹೊಲದಲ್ಲಿ ಕೂಲಿ, ಚೀಲ, ತೂಕ, ದಲಾಲಿಯ ಲೆಕ್ಕ ಹೇಗೆ ಮಾಡುತ್ತಾರೆ, ಅದೇ ತಿಂಗಳಲ್ಲಿ ತರಗತಿಯಲ್ಲಿ ಯಾವ ಪಾಠ ನಡೆಯುತ್ತಿರುತ್ತದೆ ಎಂಬ ಮೂರನ್ನೂ ಒಟ್ಟಿಗೆ ಬರೆದಿಡುವುದರಿಂದ ಕೆಲಸ ಶುರುವಾಗಲಿ.